ಗುಲ್ಬರ್ಗಾ, ಕುಲ್ಬುರ್ಗಾ, ಅಹಸನಾಬಾದ್: ಕಲಾ ಇತಿಹಾಸದ ಆಕರಗಳನ್ನು ಕ್ಯಾಟಲಾಗಿನಲ್ಲಿ ಹುಡುಕುವ ಬಗೆ

ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದು. ಅದರ ಬಗ್ಗೆ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಬರೆಯುತ್ತ ಬಂದಿದ್ದಾರೆ. ಆದರೂ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕೂತು ಇಂಗ್ಲಿಷಿನಲ್ಲಿ ‘ಕಲಬುರಗಿ’ ಎಂದು ಟೈಪ್ ಮಾಡಿದರೆ ಎರಡೋ ಮೂರೋ ಹೊಸ ಪುಸ್ತಕ ಬಂದು ನಿಲ್ಲುತ್ತದೆ. ಊರಿನ ಅಧಿಕೃತ ಹೆಸರು ಇಂಗ್ಲಿಷಿನಲ್ಲೂ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಅದಕ್ಕೆ ಮುಂಚೆ ಕ್ಯಾಟಲಾಗ್ ಮಾಡಿದವರು ಗುಲ್ಬರ್ಗಾ, ಕುಲ್ಬುರ್ಗಾ, ಬಹಮನಿಗಳ ಕಾಲದ ಅಹಸನಾಬಾದ್ ಎಂದು ಅಂದಿನ ಹೆಸರನ್ನು ಬರೆದಿಟ್ಟರು. ಹೆಚ್ಚಿನ ಕಡೆ ಅದು ಹಾಗೇ ಉಳಿದಿದೆ.

ಕ್ಯಾಟಲಾಗಿಗೆ ಮಸೀದಿಯೂ ಗೊತ್ತಿಲ್ಲ, ಊರೂ ಗೊತ್ತಿಲ್ಲ. ನೀವು ಒತ್ತಿದ ಅಕ್ಷರಗಳು ಯಾರೋ ಯಾವಾಗಲೋ ಬರೆದಿಟ್ಟ ಅಕ್ಷರಗಳಿಗೆ ಹೊಂದುತ್ತವೆಯೇ ಎಂದಷ್ಟೇ ಅದು ನೋಡುತ್ತದೆ. ಬೇರೆ ಜಿಲ್ಲೆಗಳಿಗಿಂತ ನಮ್ಮ ಕಲಬುರಗಿ, ಬೀದರ್, ಯಾದಗಿರಿಗೆ ಇದರ ಪೆಟ್ಟು ಜಾಸ್ತಿ. ಕನ್ನಡ, ಉರ್ದು-ಪರ್ಷಿಯನ್, ಇಂಗ್ಲಿಷ್ ಮೂರರಲ್ಲೂ ಇಲ್ಲಿನ ಬರವಣಿಗೆ ಇದೆ, ಊರುಗಳ ಹೆಸರು ಪ್ರತಿ ಆಡಳಿತಕ್ಕೂ ಬದಲಾಗಿದೆ. ಆದ್ದರಿಂದ ಹುಡುಕಾಟದ ಅರ್ಧ ಕೆಲಸ ಕಂಪ್ಯೂಟರ್ ಮುಟ್ಟುವ ಮುನ್ನ, ಒಂದು ನೋಟುಪುಸ್ತಕದಲ್ಲಿ ಆಗಬೇಕು.

ಮೊದಲು ಹೆಸರುಗಳ ಪುಟ

ಒಂದು ಖಾಲಿ ಪುಟದಲ್ಲಿ ನಾಲ್ಕು ಅಂಕಣ ಹಾಕಿ: ಊರು, ವ್ಯಕ್ತಿ ಅಥವಾ ರಾಜವಂಶ, ಕಟ್ಟಡ ಅಥವಾ ವಸ್ತುವಿನ ಬಗೆ, ಕಾಲ. ಪ್ರತಿ ಅಂಕಣದಲ್ಲಿ ನಿಮಗೆ ತಿಳಿದ ಎಲ್ಲ ರೂಪಗಳನ್ನೂ ಇಂಗ್ಲಿಷ್ ಕಾಗುಣಿತದಲ್ಲೇ ಬರೆದುಕೊಳ್ಳಿ. ಇದಕ್ಕೆ ಒಂದೆರಡು ಗಂಟೆ ಹೋಗುತ್ತದೆ. ಆ ಒಂದೆರಡು ಗಂಟೆ ಉಳಿಸಲು ಹೋದವರು ಆಮೇಲೆ ಒಂದೆರಡು ವಾರ ಕಳೆದುಕೊಳ್ಳುತ್ತಾರೆ.

ಬೀದರಿನಲ್ಲಿ ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾವನ್ನೇ ತೆಗೆದುಕೊಳ್ಳೋಣ. ಕಟ್ಟಿದ್ದು 1472ರಲ್ಲಿ. ಊರಿನ ಅಂಕಣದಲ್ಲಿ ಬೀದರ್ ಎಂಬುದನ್ನು ‘ಬಿ-ಐ’ ಇಂದಲೂ ‘ಬಿ-ಇ’ ಇಂದಲೂ ಬರೆಯಿರಿ, ಏಕೆಂದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷರಿಗೆ ಅದು ‘ಬೆಡರ್’ ಕೂಡ ಆಗಿತ್ತು. ಬಹಮನಿಗಳ ಕಾಲದ ಹೆಸರು ಮುಹಮ್ಮದಾಬಾದ್ ಕೂಡ ಇರಲಿ. ವ್ಯಕ್ತಿಯ ಅಂಕಣದಲ್ಲಿ ಗವಾನ್ ಎಂಬುದಕ್ಕೆ ನಡುವೆ ‘ಡಬ್ಲ್ಯೂ’ ಹಾಕಿದ ರೂಪ, ‘ವಿ’ ಹಾಕಿದ ರೂಪ, ಜೊತೆಗೆ ಅವನ ಬಿರುದು ಖ್ವಾಜಾ ಜಹಾನ್. ಬಗೆಯ ಅಂಕಣದಲ್ಲಿ ಮದರಸಾ, ಕೊನೆಯಲ್ಲಿ ‘ಎಚ್’ ಇರುವ ಮದರಸಾಹ್, ಮತ್ತು ಮರೆಯಬಾರದ ಪದ ‘ಕಾಲೇಜ್’. ಹಳೆಯ ಇಂಗ್ಲಿಷ್ ಬರಹಗಾರರು ಅದನ್ನು ಗವಾನನ ಕಾಲೇಜು ಎಂದೇ ಕರೆಯುತ್ತಿದ್ದರು. ಗೋಡೆಯ ಬಣ್ಣದ ಹಂಚುಗಳ ಬಗ್ಗೆ ಹುಡುಕುವುದಾದರೆ ‘ಟೈಲ್’, ‘ತೈಮೂರಿಡ್’, ‘ಖುರಾಸಾನ್’ ಕೂಡ ಬೇಕು. ಮದರಸಾದ ಬಗ್ಗೆ ಒಳ್ಳೆಯ ಮಾತುಗಳು ಎಷ್ಟೋ ಸಲ ಮಧ್ಯ ಏಷ್ಯಾದ ವಾಸ್ತುಶಿಲ್ಪದ ಪುಸ್ತಕದೊಳಗೆ ಅಡಗಿರುತ್ತವೆ.

ಕೆಲವು ಹೆಸರುಗಳಲ್ಲಿ ಬೋನು ಇದೆ, ಎಚ್ಚರ. ‘ಕಲಬುರ್ಗಿ’ ಎಂದು ಎಲ್ಲ ಕ್ಷೇತ್ರಗಳಲ್ಲೂ (ಶೀರ್ಷಿಕೆ, ಲೇಖಕ, ವಿಷಯ ಎಂಬ ಖಾನೆಗಳಲ್ಲಿ) ಹುಡುಕಿದರೆ ಶಾಸನ ವಿದ್ವಾಂಸ ಎಂ. ಎಂ. ಕಲಬುರ್ಗಿಯವರ ಪುಸ್ತಕಗಳೇ ಪುಟಗಟ್ಟಲೆ ಬರುತ್ತವೆ. ಊರು ಬೇಕಾದಾಗ ಹುಡುಕಾಟವನ್ನು ವಿಷಯ ಅಥವಾ ಶೀರ್ಷಿಕೆ ಕ್ಷೇತ್ರಕ್ಕೆ ಕಟ್ಟಿಹಾಕಬೇಕು. ಯಾದಗಿರಿಗೆ ‘ಯಾದವಗಿರಿ’ ಎಂದು ಹಾಕಿದರೆ ಮೇಲುಕೋಟೆ ಬಂದು ಕೂರುತ್ತದೆ, ಅದಕ್ಕೂ ಅದೇ ಹೆಸರು. ಬಸವಕಲ್ಯಾಣ ನಿಜಾಮರ ಕಾಲದ ಬರಹಗಳಲ್ಲಿ ‘ಕಲ್ಯಾಣಿ’. ಆ ಪದ ಒತ್ತಿದರೆ ಹೊಂಡದ ಕಲ್ಯಾಣಿಗಳೂ ಮುಂಬಯಿ ಕಡೆಯ ಕಲ್ಯಾಣವೂ ಜೊತೆಗೇ ಬರುತ್ತವೆ, ಆದ್ದರಿಂದ ‘ಚಾಲುಕ್ಯ’ವನ್ನು ಸೇರಿಸದೆ ಹುಡುಕಬೇಡಿ. ಸುರಪುರ ಇಂಗ್ಲಿಷಿನಲ್ಲಿ ‘ಶೋರಾಪುರ’ ಆಗಿತ್ತು. ಒಂದು ಅಕ್ಷರ ತಪ್ಪಿದರೆ ಅದು ಸೊಲ್ಲಾಪುರ. ಮಳಖೇಡಕ್ಕೆ ‘ಮಾನ್ಯಖೇಟ’ವೂ ಬೇಕು.

ಬೌದ್ಧ ನೆಲೆ ಸನ್ನತಿಯ ಉದಾಹರಣೆ ಇನ್ನೂ ಚೆನ್ನ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮೆಮಾಯರ್ ಸರಣಿಯಲ್ಲೇ 93ನೆಯ ಸಂಚಿಕೆ ‘ಟಿ-ಎಚ್’ ಹಾಕಿ ಸನ್ನತಿ ಎಂದು ಬರೆದಿದೆ. 106ನೆಯದು, ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕ ಸ್ತೂಪದ ಉತ್ಖನನದ ವರದಿ, ಶೀರ್ಷಿಕೆಯಲ್ಲಿ ಕನಗನಹಳ್ಳಿಯನ್ನು ಮುಂದಿಟ್ಟು ಬರೀ ‘ಟಿ’ ಇರುವ ಸನ್ನತಿಯನ್ನು ಹಿಂದಿಟ್ಟಿದೆ. ಪ್ರಕಟಿಸಿದ ಸಂಸ್ಥೆ ಒಂದೇ, ಜಾಗವೂ ಪಕ್ಕಪಕ್ಕದ್ದೇ. ಒಂದು ಕಾಗುಣಿತದಲ್ಲಿ ಹುಡುಕಿದವರಿಗೆ ಒಂದು ಮಾತ್ರ ಸಿಗುತ್ತದೆ.

ಆಡಳಿತ ಬದಲಾದರೆ ಕಪಾಟೂ ಬದಲು

1956ರ ನವೆಂಬರ್ ಮುಂಚಿನ ಯಾವುದನ್ನೂ ‘ಮೈಸೂರು’ ಎಂದೋ ‘ಕರ್ನಾಟಕ’ ಎಂದೋ ಹುಡುಕಬೇಡಿ. ನಮ್ಮ ಜಿಲ್ಲೆಗಳು ಆಗ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಸರ್ಕಾರದ ಪುರಾತತ್ವ ಇಲಾಖೆ 1914ರಲ್ಲಿ ಶುರುವಾಯಿತು, ಅದರ ಮುಖ್ಯಸ್ಥರಾಗಿದ್ದವರು ಗುಲಾಂ ಯಾಜ್ದಾನಿ. ಇಲಾಖೆಯ ವಾರ್ಷಿಕ ವರದಿಗಳು ಕ್ಯಾಟಲಾಗಿನಲ್ಲಿ ಲೇಖಕರ ಹೆಸರಲ್ಲಿ ಸಿಗುವುದು ಅಪರೂಪ. ‘ನಿಜಾಮ್ಸ್ ಡೊಮಿನಿಯನ್ಸ್’ ಎಂದೋ ‘ಹೈದರಾಬಾದ್, ಆರ್ಕಿಯಲಾಜಿಕಲ್ ಡಿಪಾರ್ಟ್‌ಮೆಂಟ್’ ಎಂದೋ ಸಂಸ್ಥೆಯ ಹೆಸರಲ್ಲಿ ಇರುತ್ತವೆ. ಹೈದರಾಬಾದ್ ಕೂಡ ‘ಎಚ್-ವೈ’ ಮತ್ತು ‘ಎಚ್-ಎ-ಐ’ ಎಂದು ಎರಡು ಥರ. 1878ರಲ್ಲಿ ಬಂದ ಬರ್ಜೆಸರ ಬೀದರ್-ಔರಂಗಾಬಾದ್ ವರದಿಯ ಶೀರ್ಷಿಕೆಯಲ್ಲಿರುವುದು ಎರಡನೆಯದು.

ಪಿ. ಬಿ. ದೇಸಾಯಿಯವರು ಸಂಪಾದಿಸಿದ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನ ಸಂಪುಟ ಅಚ್ಚಾದದ್ದು 1958ರಲ್ಲಿ, ಅಂದರೆ ಆ ರಾಜ್ಯವೇ ಇಲ್ಲವಾದ ಮೇಲೆ. ಅದು ಹೈದರಾಬಾದ್ ಪುರಾತತ್ವ ಸರಣಿಯ 18ನೆಯ ಪುಸ್ತಕ. ಎಷ್ಟೋ ಕಡೆ ಸರಣಿಯ ಹೆಸರಿನಲ್ಲೇ ಅದನ್ನು ಇಟ್ಟಿರುತ್ತಾರೆ, ಆದ್ದರಿಂದ ಶೀರ್ಷಿಕೆ ಕೈಕೊಟ್ಟರೆ ಸರಣಿ ಕ್ಷೇತ್ರದಲ್ಲಿ ನೋಡಿ. ಯಾದಗಿರಿ ಓದುಗರಿಗೆ ಇನ್ನೊಂದು ಮಾತು: 2009ರ ಕೊನೆಯವರೆಗೂ ನಿಮ್ಮ ಜಿಲ್ಲೆ ಗುಲಬರ್ಗಾ ಜಿಲ್ಲೆಯೇ. ಶಿರವಾಳದ ದೇಗುಲಗಳಿರಲಿ, ಸುರಪುರದ ಚಿತ್ರಗಳಿರಲಿ, ಹಳೆಯ ವರದಿಗಳಲ್ಲಿ ‘ಗುಲ್ಬರ್ಗಾ ಡಿಸ್ಟ್ರಿಕ್ಟ್’ ಅಡಿಯಲ್ಲೇ ಹುಡುಕಿ.

ಪದಗಳೂ ಕಾಲಕ್ಕೆ ತಕ್ಕಂತೆ ಬದಲಾಗಿವೆ. ಇಂದಿನ ‘ಇಸ್ಲಾಮಿಕ್ ಆರ್ಕಿಟೆಕ್ಚರ್’ ಹಿಂದೆ ‘ಮೊಹಮ್ಮಡನ್’, ‘ಮೊಸ್ಲೆಮ್’, ‘ಸಾರಸೆನಿಕ್’ ಆಗಿತ್ತು. ಹತ್ತೊಂಬತ್ತನೆಯ ಶತಮಾನದ ವಾಸ್ತು ಇತಿಹಾಸಕಾರ ಫರ್ಗ್ಯುಸನ್ ಕಾಲದ ‘ಚಾಲುಕ್ಯನ್ ಸ್ಟೈಲ್’ನಲ್ಲಿ ಹೊಯ್ಸಳ ಗುಡಿಗಳೂ ಸೇರಿದ್ದವು. ಹಳೆಯ ಪುಸ್ತಕ ಬೇಕಾದರೆ ಹಳೆಯ ಪದ ಹಾಕಲೇಬೇಕು, ಅದು ನಮಗೆ ಇಷ್ಟವಾಗಲಿ ಬಿಡಲಿ.

ಒಂದು ದಾಖಲೆಯನ್ನು ಪೂರ್ತಿ ಓದುವುದು

ನಿಮ್ಮ ಹತ್ತಿರದ ಗ್ರಂಥಾಲಯದಿಂದಲೇ ಶುರು ಮಾಡಿ: ಗುಲಬರ್ಗಾ ವಿಶ್ವವಿದ್ಯಾಲಯದ್ದೋ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ್ದೋ, ನಿಮ್ಮ ಕಾಲೇಜಿನದ್ದೋ. ಆನ್‌ಲೈನ್ ಕ್ಯಾಟಲಾಗನ್ನು ಗ್ರಂಥಾಲಯದವರು ‘ಓಪ್ಯಾಕ್’ ಎನ್ನುತ್ತಾರೆ. ಮುಖಪುಟದಲ್ಲಿರುವ ಒಂದೇ ಚೌಕವನ್ನು ಬಿಟ್ಟು ‘ಅಡ್ವಾನ್ಸ್ಡ್ ಸರ್ಚ್’ ತೆರೆಯಿರಿ. ಶೀರ್ಷಿಕೆ ಕ್ಷೇತ್ರದಲ್ಲಿ ಒಂದೇ ಪದ ಹಾಕಿ, ‘ಬೀದರ್’ ಅಷ್ಟೇ. ಮೂರು ನಾಲ್ಕು ಪದ ಒಟ್ಟಿಗೆ ಹಾಕಿದರೆ ಎಲ್ಲವೂ ಒಂದೇ ದಾಖಲೆಯಲ್ಲಿ, ಅಂದರೆ ಒಂದೇ ಪುಸ್ತಕದ ವಿವರದಲ್ಲಿ, ಇರಬೇಕೆಂದು ಹೆಚ್ಚಿನ ಕ್ಯಾಟಲಾಗುಗಳು ಅರ್ಥ ಮಾಡಿಕೊಳ್ಳುತ್ತವೆ, ಒಂದು ಪದ ಇಲ್ಲದಿದ್ದರೂ ಫಲಿತಾಂಶ ಸೊನ್ನೆ.

ಕೆಲಸಕ್ಕೆ ಬರುವ ಒಂದು ಪುಸ್ತಕ ಸಿಕ್ಕಿತೆನ್ನಿ. ಅದನ್ನು ಬರೆದುಕೊಂಡು ಎದ್ದು ಹೋಗಬೇಡಿ. ಪೂರ್ಣ ದಾಖಲೆ ತೆರೆದರೆ ಕೆಳಗೆ ವಿಷಯ ಶೀರ್ಷಿಕೆಗಳು ಇರುತ್ತವೆ, ಕ್ಯಾಟಲಾಗ್ ಮಾಡಿದವರು ನಿಗದಿತ ಪಟ್ಟಿಯಿಂದ ಆಯ್ದು ಹಾಕಿದ ಪದಗಳು ಅವು. ಅದರ ಮೇಲೆ ಒತ್ತಿದರೆ ಶೀರ್ಷಿಕೆಯಲ್ಲಿ ‘ಬೀದರ್’ ಎಂಬ ಪದವೇ ಇಲ್ಲದ, ಆದರೆ ಬೀದರಿನ ಬಗ್ಗೆಯೇ ಇರುವ ಪುಸ್ತಕಗಳು ಬರುತ್ತವೆ. ಒಂದು ಸರಿಯಾದ ಪುಸ್ತಕದಿಂದ ವಿಷಯ ಶೀರ್ಷಿಕೆಗೆ, ಅಲ್ಲಿಂದ ಬೇರೆ ಹತ್ತು ಪುಸ್ತಕಕ್ಕೆ. ಇಷ್ಟು ಸುಲಭದ ದಾರಿ ಬೇರೆ ಇಲ್ಲ, ಆದರೂ ಹೆಚ್ಚಿನವರು ಆ ಸಾಲಿನವರೆಗೆ ಪುಟ ಇಳಿಸುವುದೇ ಇಲ್ಲ.

ದಾಖಲೆಯಲ್ಲಿ ಇನ್ನೊಂದು ಉಪಯುಕ್ತ ಸಾಲು ಕಾಲ್ ನಂಬರ್, ಪುಸ್ತಕ ಕಪಾಟಿನಲ್ಲಿ ಎಲ್ಲಿದೆ ಎಂದು ಹೇಳುವ ಸಂಖ್ಯೆ. ವಿಷಯಕ್ಕೊಂದು ಅಂಕಿ ಕೊಡುವ ಡ್ಯೂಯಿ ಪದ್ಧತಿ ಇರುವ ಕಡೆ 709.54 ಭಾರತೀಯ ಕಲೆಯ ಇತಿಹಾಸ, 726 ಧಾರ್ಮಿಕ ಕಟ್ಟಡಗಳು, 730 ಶಿಲ್ಪ, 739 ಲೋಹಕಲೆ, 954.87 ಕರ್ನಾಟಕದ ಇತಿಹಾಸ. ನಮ್ಮ ವಿಷಯ ಈ ಐದು ಜಾಗದಲ್ಲೂ ಚದುರಿರುತ್ತದೆ. ಬಿದ್ರಿ ಕಲೆಯ ಪುಸ್ತಕ 739ರಲ್ಲಿದ್ದರೆ ಬೀದರ್ ಕೋಟೆಯ ಪುಸ್ತಕ 954ರಲ್ಲಿ ಕೂತಿರಬಹುದು. ಪುಸ್ತಕ ತರಲು ಹೋದಾಗ ಅದರ ಎಡಬಲಕ್ಕೆ ಒಂದೊಂದು ಮಾರು ರ‍್ಯಾಕ್ ನೋಡಿ ಬನ್ನಿ. ಕನ್ನಡ ಪುಸ್ತಕಗಳಿಗೆ ಎಷ್ಟೋ ಕಡೆ ಬೇರೆಯೇ ಕಪಾಟಿದೆ, ಅದನ್ನು ಕೌಂಟರಿನಲ್ಲಿ ಕೇಳಿಕೊಳ್ಳಿ.

ವರ್ಷದ ಫಿಲ್ಟರ್ ಬಗ್ಗೆ ಒಂದು ಎಚ್ಚರಿಕೆ. ಯಾಜ್ದಾನಿಯವರ ಬೀದರ್ ಪುಸ್ತಕ ಮೊದಲು ಬಂದದ್ದು 1947ರಲ್ಲಿ, ದೆಹಲಿಯಲ್ಲಿ ಮರುಮುದ್ರಣವಾದದ್ದು 1995ರಲ್ಲಿ. ‘1950ಕ್ಕಿಂತ ಹಳೆಯದು’ ಎಂದು ಫಿಲ್ಟರ್ ಹಾಕಿದಿರೋ, ನಿಮ್ಮ ಗ್ರಂಥಾಲಯದಲ್ಲಿರುವ 1995ರ ಪ್ರತಿ ಮಾಯ. ಮೊದಲ ಸುತ್ತಿನಲ್ಲಿ ಯಾವ ಫಿಲ್ಟರನ್ನೂ ಮುಟ್ಟದಿರುವುದೇ ಲೇಸು.

ಕನ್ನಡ ಪುಸ್ತಕ, ಇಂಗ್ಲಿಷ್ ಅಕ್ಷರ

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯಲ್ಲಿ ಕಚೇರಿ ಇಟ್ಟುಕೊಂಡು ಭಾರತದ ಎಲ್ಲ ಭಾಷೆಯ ಪುಸ್ತಕ ಕೊಳ್ಳುತ್ತ ಬಂದಿದೆ. ಹೀಗಾಗಿ ಇಲ್ಲಿ ಕಣ್ಣಿಗೆ ಬೀಳದ ಕನ್ನಡ ಪುಸ್ತಕದ ವಿವರ ವಾಷಿಂಗ್ಟನ್ನಿನ ಕ್ಯಾಟಲಾಗಿನಲ್ಲಿ ಸಿಕ್ಕಿಬಿಡುತ್ತದೆ. ಪುಸ್ತಕ ಅಲ್ಲಿರುತ್ತದೆ ನಿಜ, ಆದರೆ ಲೇಖಕ, ಪ್ರಕಾಶಕ, ವರ್ಷ ಖಚಿತವಾದರೆ ಇಲ್ಲಿ ಹುಡುಕುವುದು ಸುಲಭ. ತೊಡಕು ಏನೆಂದರೆ ಹಳೆಯ ದಾಖಲೆಗಳಲ್ಲಿ ಕನ್ನಡ ಲಿಪಿಯೇ ಇಲ್ಲ, ಎಲ್ಲವೂ ರೋಮನ್ ಅಕ್ಷರದಲ್ಲಿ. ಅದೂ ನಾವು ವಾಟ್ಸ್ಯಾಪಿನಲ್ಲಿ ಬರೆಯುವ ರೋಮನ್ ಕನ್ನಡ ಅಲ್ಲ.

ಆ ಪದ್ಧತಿಯ ನಿಯಮಗಳಲ್ಲಿ ನಮಗೆ ಬೇಕಾದವು ಕೆಲವೇ. ಅಕ್ಷರದ ಮೇಲೆ ಕೆಳಗೆ ಹಾಕುವ ಗೆರೆ ಚುಕ್ಕೆಗಳನ್ನು ಟೈಪ್ ಮಾಡಬೇಕಿಲ್ಲ, ಬಿಟ್ಟರೆ ನಡೆಯುತ್ತದೆ. ‘ಶ’ ಮತ್ತು ‘ಷ’ ಎರಡಕ್ಕೂ ಬರೀ ‘ಎಸ್’, ‘ಎಚ್’ ಬೇಡ. ಅಂದರೆ ಶಾಸನ ಎಂಬುದು ಎಸ್-ಎ-ಎಸ್-ಎ-ಎನ್-ಎ. ‘ಚ’ಕ್ಕೆ ಬರೀ ‘ಸಿ’. ಚರಿತ್ರೆ, ಚಾಲುಕ್ಯ ಎರಡೂ ‘ಸಿ-ಎ’ ಇಂದ ಶುರುವಾಗುತ್ತವೆ. ದೀರ್ಘಕ್ಕೆ ‘ಇ-ಇ’, ‘ಓ-ಓ’ ಎಂದು ಎರಡು ಸಲ ಬರೆಯುವಂತಿಲ್ಲ, ಒಂದೇ ‘ಐ’, ಒಂದೇ ‘ಯು’. ಎಲ್ಲರೂ ಎಡವುವುದು ‘ಋ’ದಲ್ಲಿ: ಅದಕ್ಕೆ ಬರೀ ‘ಆರ್’. ಸಂಸ್ಕೃತಿ ಎಂಬುದು ಎಸ್-ಎ-ಎಂ-ಎಸ್-ಕೆ-ಆರ್-ಟಿ-ಐ, ‘ಆರ್’ ಆದಮೇಲೆ ಸ್ವರವಿಲ್ಲ. ಕನ್ನಡದಲ್ಲಿ ಗುಲಬರ್ಗಾ ಎಂದು ಅಚ್ಚಾಗಿದ್ದರೆ ದಾಖಲೆಯಲ್ಲಿ ‘ಎಲ್’ ಮತ್ತು ‘ಬಿ’ ನಡುವೆ ಒಂದು ‘ಎ’ ಇರುತ್ತದೆ, ಇಂಗ್ಲಿಷ್ ಪುಸ್ತಕದ್ದಾದರೆ ಇರುವುದಿಲ್ಲ. ಎರಡನ್ನೂ ಹಾಕಿ.

ಕನ್ನಡ ಲಿಪಿಯಲ್ಲೇ ಹುಡುಕಲು ಬಿಡುವ ಕ್ಯಾಟಲಾಗುಗಳಲ್ಲಿ ಕಾಟ ಬೇರೆ ಥರದ್ದು, ವಿಭಕ್ತಿ ಮತ್ತು ಸಮಾಸದ್ದು. ‘ದೇವಾಲಯ’ ಎಂದು ಹಾಕಿದರೆ ‘ದೇವಾಲಯಗಳು’ ಸಿಗದೇ ಹೋಗಬಹುದು. ‘ವಾಸ್ತುಶಿಲ್ಪ’ ಒಂದೇ ಪದವಾಗಿಯೂ ಇದೆ, ಬಿಡಿಸಿಯೂ ಇದೆ. ‘ದೇವಸ್ಥಾನ’, ‘ದೇಗುಲ’, ‘ಗುಡಿ’ ನಾಲ್ಕನೆಯ ಸುತ್ತಿಗಾದರೂ ಬರಲಿ.

ಚಿಹ್ನೆಗಳ ಬಳಕೆ

ಮೂರು ಚಿಹ್ನೆ ಸಾಕು. ಉದ್ಧರಣ ಚಿಹ್ನೆಯೊಳಗೆ ಇಟ್ಟ ಪದಗಳು ಅದೇ ಕ್ರಮದಲ್ಲಿ ಒಟ್ಟಿಗೆ ಬರಬೇಕು. ನಕ್ಷತ್ರ ಚಿಹ್ನೆ ಪದದ ಬಾಲವನ್ನು ಬಿಡುತ್ತದೆ: ‘ದೇವಾಲಯ’ದ ರೋಮನ್ ರೂಪಕ್ಕೆ ಕೊನೆಯಲ್ಲಿ ನಕ್ಷತ್ರ ಹಾಕಿದರೆ ದೇವಾಲಯದ, ದೇವಾಲಯಗಳು, ದೇವಾಲಯಗಳಲ್ಲಿ ಎಲ್ಲವೂ ಬರುತ್ತವೆ. ಕನ್ನಡದಂಥ ಭಾಷೆಗೆ ಇದು ವರ. ಆವರಣದೊಳಗೆ ‘ಆರ್’ (ಅಕ್ಷರವಲ್ಲ, ‘ಅಥವಾ’ ಎಂಬರ್ಥದ ಇಂಗ್ಲಿಷ್ ಪದ) ಹಾಕಿ ಪರ್ಯಾಯಗಳನ್ನು ಕಟ್ಟುವುದು ಮೂರನೆಯದು. ಮದರಸಾದ ಹುಡುಕಾಟ ಹೀಗಾಗುತ್ತದೆ: ಒಂದು ಆವರಣದಲ್ಲಿ ಬೀದರಿನ ಎರಡು ಕಾಗುಣಿತ, ನಡುವೆ ‘ಆರ್’, ‘ಆ್ಯಂಡ್’, ಇನ್ನೊಂದು ಆವರಣದಲ್ಲಿ ಗವಾನಿನ ಎರಡು ರೂಪ, ನಡುವೆ ‘ಆರ್’. ನೋಟುಪುಸ್ತಕದ ಒಂದೊಂದು ಅಂಕಣವೂ ಒಂದೊಂದು ಆವರಣ, ಅಷ್ಟೇ. ಈ ‘ಆರ್’, ‘ಆ್ಯಂಡ್’ಗಳನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಟೈಪ್ ಮಾಡಿ, ಸಣ್ಣಕ್ಷರವಾದರೆ ಕೆಲವು ಡೇಟಾಬೇಸು ಅವನ್ನು ಸಾಮಾನ್ಯ ಪದವೆಂದು ತಿಳಿಯುತ್ತವೆ.

ಒಂದು ಪದ ಇರುವುದನ್ನು ಹೊರಗಿಡುವ ‘ನಾಟ್’ ಬಳಸಬೇಡಿ ಎಂದೇ ನಮ್ಮ ಸಲಹೆ. ‘ಬೀದರ್, ಆದರೆ ಬಿದ್ರಿ ಬೇಡ’ ಎಂದರೆ ಕೋಟೆಯ ಬಗ್ಗೆ ಬರೆಯುತ್ತ ಒಂದು ಸಾಲಿನಲ್ಲಿ ಬಿದ್ರಿ ಪ್ರಸ್ತಾಪಿಸಿದ ಲೇಖನವೂ ಹೋಗಿಬಿಡುತ್ತದೆ. ಗೂಗಲ್‌ನಲ್ಲಿ ಪದದ ಬಾಲಕ್ಕೆ ಹಾಕುವ ನಕ್ಷತ್ರ ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ.

ಲೇಖನ ಹುಡುಕುವುದು ಬೇರೆ ಕೆಲಸ

ಗ್ರಂಥಾಲಯದ ಕ್ಯಾಟಲಾಗು ಪುಸ್ತಕದ ಹೊರಮೈ ಮಾತ್ರ ಬಲ್ಲದು. ಪತ್ರಿಕೆಯೊಳಗಿನ ಲೇಖನ, ಸಂಪಾದಿತ ಸಂಪುಟದ ಒಂದು ಅಧ್ಯಾಯ ಅದರಲ್ಲಿ ಸಿಗುವುದಿಲ್ಲ. ಕಲಾ ಇತಿಹಾಸದ ಮುಖ್ಯ ಸಂಗತಿಗಳು ಇರುವುದು ಹೆಚ್ಚಾಗಿ ಅಲ್ಲೇ.

ಜೆಸ್ಟೋರ್‌ನಲ್ಲಿ (ವಿದ್ವತ್ ಪತ್ರಿಕೆಗಳ ಆನ್‌ಲೈನ್ ಭಂಡಾರ) ಸ್ವಂತ ಉಚಿತ ಖಾತೆ ತೆರೆದರೆ ತಿಂಗಳಿಗೆ 100 ಲೇಖನದವರೆಗೆ ಆನ್‌ಲೈನಿನಲ್ಲಿ ಓದಬಹುದು, ಇಳಿಸಿಕೊಳ್ಳಲು ಮಾತ್ರ ಆಗದು. ‘ಆರ್ಸ್ ಓರಿಯೆಂಟಾಲಿಸ್’, ‘ಆರ್ಟಿಬಸ್ ಏಶಿಯೇ’, ‘ಮುಕರ್ನಾಸ್’ ಪತ್ರಿಕೆಗಳ ಹಳೆಯ ಸಂಚಿಕೆಗಳು ಅಲ್ಲಿವೆ. ಅದು ಪೂರ್ಣಪಠ್ಯದಲ್ಲಿ ಹುಡುಕುವುದರಿಂದ ತೊಂದರೆ ತಿರುಗುಮುರುಗು: ‘ಬೀದರ್’ ಎಂದರೆ ಸಾವಿರಾರು ಫಲಿತಾಂಶ, ಹೆಚ್ಚಿನವುಗಳಲ್ಲಿ ಆ ಪದ ಒಂದು ಅಡಿಟಿಪ್ಪಣಿಯಲ್ಲಿ ಮಾತ್ರ. ಎರಡು ಪದಗಳನ್ನು ಉದ್ಧರಣ ಚಿಹ್ನೆಯಲ್ಲಿಟ್ಟು ಚಿಹ್ನೆ ಮುಗಿದ ಮೇಲೆ ಅಲೆಯ ಗೆರೆ (~) ಮತ್ತು 10 ಎಂಬ ಅಂಕಿ ಹಾಕಿದರೆ ಅವೆರಡೂ ಹತ್ತು ಪದಗಳ ಅಂತರದೊಳಗೆ ಬಂದಿರುವ ಲೇಖನಗಳಷ್ಟೇ ಉಳಿಯುತ್ತವೆ. ‘ಬೀದರ್ ಟೈಲ್’ ಎಂದು ಹೀಗೆ ಹಾಕಿ ನೋಡಿ, ರಾಶಿ ಕರಗುತ್ತದೆ. ಹಲವು ಪತ್ರಿಕೆಗಳ ಇತ್ತೀಚಿನ ಮೂರರಿಂದ ಐದು ವರ್ಷದ ಸಂಚಿಕೆ ಅಲ್ಲಿ ಇರುವುದಿಲ್ಲ. ಹಾಗಾಗಿ ‘ಹೊಸದೇನೂ ಬಂದಿಲ್ಲ’ ಎಂಬ ತೀರ್ಮಾನಕ್ಕೆ ಬರಬೇಡಿ.

ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಇರುವವರಿಗೆ 2025ರ ಜನವರಿಯಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಇದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಅದರಲ್ಲಿ ಸೇರಿವೆ. ಆದರೆ ಕ್ಯಾಂಪಸ್ಸಿನ ಜಾಲದಿಂದಲೋ ಸಂಸ್ಥೆಯ ಲಾಗಿನ್ನಿನಿಂದಲೋ ಪ್ರವೇಶಿಸಬೇಕು. ಮನೆಯಲ್ಲಿ ಮೊಬೈಲಿನ ಡೇಟಾದಲ್ಲಿ ತೆರೆದು, ದುಡ್ಡು ಕೇಳುತ್ತಿದೆ ಎಂದು ಬಿಟ್ಟುಬಿಡುವವರು ಬಹಳ. ನಿಮ್ಮ ಗ್ರಂಥಪಾಲಕರ ಹತ್ತಿರ ದೂರಪ್ರವೇಶದ ಲಾಗಿನ್ ಕೇಳಿ ಪಡೆಯಿರಿ.

ಗೂಗಲ್ ಸ್ಕಾಲರ್ ಒಂದು ಕೆಲಸಕ್ಕೆ ಚೆನ್ನ, ಮುಂದಕ್ಕೆ ಹೋಗಲು. ಭೀಮಾ ದಂಡೆಯ ಫಿರೋಜಾಬಾದ್ ಬಗ್ಗೆ ಮಿಚೆಲ್ ಮತ್ತು ಈಟನ್ 1992ರಲ್ಲಿ ಪುಸ್ತಕ ಬರೆದರು. ಅದರ ಕೆಳಗಿರುವ ‘ಸೈಟೆಡ್ ಬೈ’ ಒತ್ತಿದರೆ ಆಮೇಲೆ ಅದನ್ನು ಉಲ್ಲೇಖಿಸಿದವರ ಸಾಲು ಬರುತ್ತದೆ. ಹಿಂದಕ್ಕೆ ಹೋಗಲು ಆ ಪುಸ್ತಕದ ಗ್ರಂಥಋಣವೇ ಇದೆ.

ಡೇಟಾಬೇಸಿಗೆ ಸಿಗದ ಸಾಲುಗಳು

ಸಣ್ಣ ಊರಿನ ಗುಡಿ, ಒಂಟಿ ವೀರಗಲ್ಲು, ಹಾಳುಬಿದ್ದ ಗುಮ್ಮಟ, ಇವುಗಳ ಹೆಸರಿನಲ್ಲಿ ಯಾವ ಪುಸ್ತಕವೂ ಇರುವುದಿಲ್ಲ. ಅವು ವರದಿಗಳ ಒಳಗೆ ನಾಲ್ಕು ಸಾಲಿನಲ್ಲಿ ಇರುತ್ತವೆ. ಇಲ್ಲಿ ಹುಡುಕುವ ಕ್ರಮವೇ ಬೇರೆ: ಮೊದಲು ಸರಣಿಯನ್ನು ಹಿಡಿಯಬೇಕು, ಆಮೇಲೆ ಅದರ ಪದಸೂಚಿಯನ್ನು ತಿರುವಬೇಕು.

ಹುಮನಾಬಾದ್ ತಾಲೂಕಿನ ಜಲಸಂಗ್ವಿಯ ಗುಡಿಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ಇದ್ದಾಳೆ, ಅವಳು ಬರೆಯುತ್ತಿರುವುದು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿ, ಅಂದರೆ ಹೊಗಳಿಕೆ. ಅವಳ ಬಗ್ಗೆ ಆಕರ ಬೇಕೆಂದರೆ ಕ್ರಮ ಹೀಗಿರಲಿ. ಮೊದಲು ಶಾಸನ: ವಾರ್ಷಿಕ ಎಪಿಗ್ರಫಿ ವರದಿಗಳು, ದೇಸಾಯಿಯವರ ಸಂಪುಟ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳು. ಊರಿನ ಹೆಸರನ್ನು ಪದಸೂಚಿಯಲ್ಲಿ ಜಲಸಂಗಿ, ಜಲ್ಸಂಗಿ, ಜಲಸಂಗ್ವಿ ಎಂದು ಮೂರು ಕಡೆ ನೋಡಿ. ಎರಡನೆಯದು ಕಟ್ಟಡ: ‘ಭಾರತೀಯ ದೇವಾಲಯ ವಾಸ್ತುಶಿಲ್ಪ ವಿಶ್ವಕೋಶ’ದ ದಕ್ಷಿಣ ಭಾರತದ ಭಾಗಗಳಲ್ಲಿ ನಮಗೆ ಬೇಕಾದ್ದು ‘ಅಪ್ಪರ್ ದ್ರಾವಿಡದೇಶ’ ಎಂಬ ಉಪಶೀರ್ಷಿಕೆಯದು, ‘ಲೋವರ್’ ಎಂದಿರುವುದು ತಮಿಳು ನಾಡಿನ ಕಡೆಯದು. ಮೇಲಿನದರಲ್ಲೂ 1986ರದು ಆರಂಭಿಕ ಹಂತ, 1996ರದು 973ರಿಂದ 1326ರವರೆಗಿನ ಹಂತ, ಕಲ್ಯಾಣ ಚಾಲುಕ್ಯರಿಗೆ ಎರಡನೆಯದನ್ನು ತೆಗೆಯಿರಿ. ಮೂರನೆಯದು 1953-54ರಿಂದ ಬರುತ್ತಿರುವ ‘ಇಂಡಿಯನ್ ಆರ್ಕಿಯಾಲಜಿ: ಎ ರಿವ್ಯೂ’. ಅದರಲ್ಲಿ ಉತ್ಖನನ, ಶಾಸನ, ಸಂರಕ್ಷಣೆ ಬೇರೆ ಬೇರೆ ಅಧ್ಯಾಯ, ಒಂದೊಂದರಲ್ಲೂ ರಾಜ್ಯ, ಅದರೊಳಗೆ ಜಿಲ್ಲೆ. ಒಂದೇ ಅಧ್ಯಾಯ ನೋಡಿ ಮುಚ್ಚಿಡುವುದು ಸಾಮಾನ್ಯ ತಪ್ಪು.

ಪರ್ಷಿಯನ್, ಅರಬ್ಬಿ ಶಾಸನಗಳಿಗೆ ‘ಎಪಿಗ್ರಾಫಿಯಾ ಇಂಡೋ-ಮೊಸ್ಲೆಮಿಕಾ’ ನೋಡಬೇಕು. 1950ರ ಆಸುಪಾಸಿನಿಂದ ಅದು ‘ಎಪಿಗ್ರಾಫಿಯಾ ಇಂಡಿಕಾ’ದ ಅರಬ್ಬಿ-ಪರ್ಷಿಯನ್ ಪುರವಣಿಯಾಗಿ ಮುಂದುವರಿಯಿತು. ಹೆಸರು ಬದಲಾದದ್ದು ತಿಳಿಯದೆ ‘ಪತ್ರಿಕೆ ನಿಂತುಹೋಯಿತು’ ಎಂದು ಬರೆದವರಿದ್ದಾರೆ.

ಆರ್ಕೈವ್, ಶೋಧಗಂಗಾ

ಮೇಲೆ ಹೇಳಿದ ಹಳೆಯ ಸಂಪುಟಗಳಲ್ಲಿ ಬಹಳಷ್ಟು ಇಂಟರ್ನೆಟ್ ಆರ್ಕೈವಿನಲ್ಲಿ ಉಚಿತವಾಗಿವೆ. ಅಲ್ಲಿ ಎರಡು ಬಗೆಯ ಹುಡುಕಾಟ ಉಂಟು. ಸುಮ್ಮನೆ ಹುಡುಕಿದರೆ ಶೀರ್ಷಿಕೆ, ಲೇಖಕರಂಥ ವಿವರ ಮಾತ್ರ. ‘ಪಠ್ಯದೊಳಗೆ ಹುಡುಕು’ ಎಂಬ ಆಯ್ಕೆ ಒತ್ತಿದರೆ ಪುಟದೊಳಗಿನ ಮಾತು. ಹಳೆಯ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಸ್ಕ್ಯಾನುಗಳ ಶೀರ್ಷಿಕೆಗಳಲ್ಲಿ ಕಾಗುಣಿತ ಮನಬಂದಂತೆ ಇರುತ್ತದೆ, ಲೇಖಕರ ಹೆಸರು ತುಂಡಾಗಿರುತ್ತದೆ, ಸಂಪುಟದ ಸಂಖ್ಯೆ ಇರುವುದೇ ಇಲ್ಲ. ಒಂದು ಪದ ಹಾಕಿ, ಸಿಕ್ಕಿದ್ದನ್ನು ತೆರೆದು ಮುಖಪುಟ ನೋಡಿಯೇ ಖಾತ್ರಿ ಮಾಡಿಕೊಳ್ಳಬೇಕು. ಹಳೆಯ ಕನ್ನಡ ಸ್ಕ್ಯಾನಿನ ವಿವರದಲ್ಲಿ ‘ಈ ಭಾಷೆಯನ್ನು ಯಂತ್ರ ಓದಲಾರದು’ ಎಂಬರ್ಥದ ಇಂಗ್ಲಿಷ್ ಸಾಲು ಕಂಡರೆ, ಆ ಪುಸ್ತಕದ ಒಳಗೆ ಹುಡುಕಿ ಉಪಯೋಗವಿಲ್ಲ. ಕಣ್ಣಿನಿಂದಲೇ ಪರಿವಿಡಿ ಓದಿ.

ಹಾತಿಟ್ರಸ್ಟ್‌ನಲ್ಲಿ (ಸ್ಕ್ಯಾನ್ ಮಾಡಿದ ಪುಸ್ತಕಗಳ ಅಮೆರಿಕದ ತಾಣ) ಇಪ್ಪತ್ತನೆಯ ಶತಮಾನದ ಬಹುತೇಕ ಪುಸ್ತಕ ಇಲ್ಲಿಂದ ತೆರೆಯುವುದಿಲ್ಲ. ಆದರೂ ಒಳಗೆ ಹುಡುಕಿದರೆ ನಿಮ್ಮ ಪದ ಯಾವ ಯಾವ ಪುಟದಲ್ಲಿ ಎಷ್ಟು ಸಲ ಬಂದಿದೆ ಎಂದು ಹೇಳುತ್ತದೆ. ಅದು ಸಣ್ಣ ಸಹಾಯವಲ್ಲ: ಹೈದರಾಬಾದಿಗೆ ಹೋಗಿ 400 ಪುಟದ ಪುಸ್ತಕ ತೆಗೆಸುವ ಮುನ್ನ, ಬೇಕಾದ ಪುಟ 212 ಮತ್ತು 215 ಎಂದು ಗೊತ್ತಿದ್ದರೆ ದಿನ ಉಳಿಯಿತು.

ಶೋಧಗಂಗಾದಲ್ಲಿ ಪಿಎಚ್‌ಡಿ ಪ್ರಬಂಧಗಳಿವೆ. ಕನ್ನಡ ಪ್ರಬಂಧದ ಶೀರ್ಷಿಕೆ ರೋಮನ್ ಅಕ್ಷರದಲ್ಲಿ ಸೇರಿರುವುದು ಬಹಳ, ಅಲ್ಲಿ ಮಾತ್ರ ವಾಟ್ಸ್ಯಾಪ್ ಕಾಗುಣಿತವೂ ನಡೆಯುತ್ತದೆ, ಎರಡೂ ಹಾಕಿ. ಹೆಸರಿನಿಂದ ಸಿಗದಿದ್ದರೆ ವಿಶ್ವವಿದ್ಯಾಲಯ, ಅದರೊಳಗೆ ಇತಿಹಾಸ ವಿಭಾಗ ಎಂದು ಇಳಿದು ಪಟ್ಟಿಯನ್ನೇ ಓದುವುದು ವಾಸಿ. ಅಧ್ಯಾಯಗಳು ಬೇರೆ ಬೇರೆ ಪಿಡಿಎಫ್ ಆಗಿರುತ್ತವೆ. ಮೊದಲು ಕೊನೆಯದನ್ನು, ಅಂದರೆ ಗ್ರಂಥಋಣವನ್ನು ತೆರೆಯಿರಿ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನಕಲು ಮಾಡಿ ಅಂಟಿಸಿ ನೋಡಿದರೆ ತಿಳಿಯುತ್ತದೆ. ಅಂಥದ್ದರಲ್ಲಿ ಹುಡುಕುವ ಚೌಕ ಕೆಲಸ ಮಾಡುವುದಿಲ್ಲ.

ಉರ್ದು ಓದಬಲ್ಲವರಿಗೆ ಈ ಭಾಗದಲ್ಲಿ ದೊಡ್ಡ ಅನುಕೂಲವಿದೆ. ರೇಖ್ತಾ ತಾಣದ ಇ-ಪುಸ್ತಕ ವಿಭಾಗದಲ್ಲಿ ಕಲಬುರಗಿಯ ಸೂಫಿ ಸಂತ ಬಂದೇ ನವಾಜರ ಬಗ್ಗೆ, ಬಹಮನಿಗಳ ಬಗ್ಗೆ ಉರ್ದು ಹೆಸರಿನಿಂದ ಹುಡುಕಿ. ಇಂಗ್ಲಿಷ್ ಗ್ರಂಥಋಣಗಳಲ್ಲಿ ಕಾಣದ ಪುಸ್ತಕಗಳು ಇರುವ ಜಾಗ ಅದು.

ಚಿತ್ರ ಮತ್ತು ವಸ್ತು

ಗುಡಿಗಳ ಫೋಟೊಗಳಿಗೆ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಗ್ರಹ ನೋಡಿ. ಅದರ ಕಚೇರಿ ಗುರುಗ್ರಾಮದಲ್ಲಿದೆ, ಚಿತ್ರಗಳು ಶಿಕಾಗೊ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯಲ್ಲೂ ಸಿಗುತ್ತವೆ. ಜಿಲ್ಲೆಯ ಹೆಸರಿಂದ ಹುಡುಕಿ, ಹಳೆಯ ಜಿಲ್ಲೆ ಎಂಬುದನ್ನು ಮರೆಯದೆ. ಇಸ್ಲಾಮಿಕ್ ಕಟ್ಟಡಗಳಿಗೆ ಆರ್ಕ್‌ನೆಟ್. ಆರ್ಟ್‌ಸ್ಟೋರ್ ಎಂಬ ಚಿತ್ರಭಂಡಾರ 2024ರ ಆಗಸ್ಟಿನಿಂದ ಜೆಸ್ಟೋರ್‌ನೊಳಗೇ ಸೇರಿದೆ, ಹಳೆಯ ಕೈಪಿಡಿಗಳು ಹೇಳುವ ಪ್ರತ್ಯೇಕ ತಾಣ ಈಗಿಲ್ಲ.

ಬಿದ್ರಿಗೆ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮತ್ತು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗಳ ಸಂಗ್ರಹ ತಾಣಗಳಲ್ಲಿ ಹುಡುಕಬೇಕು. ‘ಬಿದ್ರಿ’ ಎಂದರೆ ಬಂದದ್ದೆಲ್ಲ ಬೀದರಿನದಲ್ಲ. ಲಖನೌ, ಪೂರ್ಣಿಯಾ, ಮುರ್ಶಿದಾಬಾದಿನಲ್ಲೂ ಆ ಕೆಲಸ ನಡೆದಿತ್ತು. ದಾಖಲೆಯಲ್ಲಿ ‘ತಯಾರಾದ ಸ್ಥಳ’ ಎಂಬ ಸಾಲನ್ನು ಓದಿ, ಅದರ ಮುಂದೆ ‘ಬಹುಶಃ’ ಎಂದೋ ಪ್ರಶ್ನಾರ್ಥಕವೋ ಇದ್ದರೆ ನಿಮ್ಮ ಬರಹದಲ್ಲೂ ಅದನ್ನು ಉಳಿಸಿ. ‘ಬಿದ್ರಿ’ ಪದ ಬಿಟ್ಟು ‘ಹುಕ್ಕಾ’, ‘ಝಿಂಕ್’, ‘ಇನ್‌ಲೇ’ ಎಂದೂ ಹುಡುಕಿ. ಕೆಲವು ಹೂಜಿಗಳ ದಾಖಲೆಯಲ್ಲಿ ಸತುವಿನ ಮೇಲೆ ಬೆಳ್ಳಿ ಕೂರಿಸಿದ ಪಾತ್ರೆ ಎಂದಿರುತ್ತದೆ, ಅಷ್ಟೇ.

ಬರೆದಿಡುವುದು, ತರಿಸುವುದು

ಪ್ರತಿ ಹುಡುಕಾಟಕ್ಕೂ ಒಂದು ಸಾಲು: ದಿನಾಂಕ, ಯಾವ ಡೇಟಾಬೇಸ್, ಅಕ್ಷರಶಃ ಏನು ಟೈಪ್ ಮಾಡಿದಿರಿ, ಎಷ್ಟು ಬಂತು, ಯಾವುದನ್ನು ಇಟ್ಟುಕೊಂಡಿರಿ. ಸೊನ್ನೆ ಬಂದದ್ದನ್ನೂ ಬರೆಯಿರಿ, ಇಲ್ಲದಿದ್ದರೆ ಮುಂದಿನ ತಿಂಗಳು ಅದೇ ಸೊನ್ನೆಗೆ ಮತ್ತೆ ಅರ್ಧ ದಿನ. ಪುಸ್ತಕದ ಪುಟಗಳನ್ನು ಫೋನಿನಲ್ಲಿ ತೆಗೆಯುವಾಗ ಮೊದಲ ಫೋಟೊ ಶೀರ್ಷಿಕೆಪುಟದ್ದು, ಎರಡನೆಯದು ಅದರ ಬೆನ್ನಿನದು. ಇವೆರಡು ಇಲ್ಲದ ಇಪ್ಪತ್ತು ಪುಟಗಳು ಆರು ತಿಂಗಳ ಮೇಲೆ ಯಾವ ಪುಸ್ತಕದವೆಂದು ಹೇಳಲಾಗದ ಕಾಗದ. ಝೊಟೆರೊ ಎಂಬ ಉಚಿತ ತಂತ್ರಾಂಶ ದಾಖಲೆಯನ್ನು ತಾನೇ ಹಿಡಿದಿಡುತ್ತದೆ, ಆದರೆ ಆರ್ಕೈವಿನ ತಪ್ಪು ಕಾಗುಣಿತವನ್ನೂ ಹಾಗೇ ಹಿಡಿದಿಡುತ್ತದೆ, ತಿದ್ದಿಕೊಳ್ಳಿ.

ಪುಸ್ತಕ ಇಲ್ಲಿಲ್ಲ ಎಂದು ಖಚಿತವಾದ ಮೇಲೆ ಇನ್‌ಫ್ಲಿಬ್‌ನೆಟ್‌ನ ಇಂಡ್‌ಕ್ಯಾಟ್ ತೆರೆಯಿರಿ, ಭಾರತದ ವಿಶ್ವವಿದ್ಯಾಲಯ ಗ್ರಂಥಾಲಯಗಳ ಒಟ್ಟು ಕ್ಯಾಟಲಾಗು ಅದು. ವರ್ಲ್ಡ್‌ಕ್ಯಾಟ್‌ನಲ್ಲಿ (ಜಗತ್ತಿನ ಗ್ರಂಥಾಲಯಗಳ ಒಟ್ಟು ಕ್ಯಾಟಲಾಗು) ಭಾರತದ ಗ್ರಂಥಾಲಯಗಳು ಕಡಿಮೆ. ‘ಹತ್ತಿರದ ಪ್ರತಿ ಶಿಕಾಗೊದಲ್ಲಿ’ ಎಂದು ಅದು ತೋರಿಸಿದರೆ ಹೌಹಾರಬೇಕಿಲ್ಲ, ಅದೇ ಪುಸ್ತಕ ಧಾರವಾಡದಲ್ಲೋ ಹೈದರಾಬಾದಿನಲ್ಲೋ ಇರಬಹುದು. ನಿಜಾಮರ ಕಾಲದ ಮುದ್ರಿತ ವರದಿಗಳಿಗೆ ಹೈದರಾಬಾದಿನ ರಾಜ್ಯ ಕೇಂದ್ರ ಗ್ರಂಥಾಲಯ, ಅಂದರೆ ಹಳೆಯ ಆಸಫಿಯಾ, ಮತ್ತು ಸಾಲಾರ್ ಜಂಗ್ ಮ್ಯೂಸಿಯಂ ಗ್ರಂಥಾಲಯ. ಕಡತಗಳಿಗೆ ತಾರ್ನಾಕಾದ ರಾಜ್ಯ ಪತ್ರಾಗಾರ. ಬೀದರಿನಿಂದ ಸುಮಾರು 140 ಕಿಲೋಮೀಟರ್, ಬೆಂಗಳೂರಿಗಿಂತ ಎಷ್ಟೋ ವಾಸಿ.

ಹೋಗುವ ಮುನ್ನ ಗೈಡ್ ಅಥವಾ ಪ್ರಾಂಶುಪಾಲರಿಂದ ಪರಿಚಯ ಪತ್ರ, ಗುರುತಿನ ಚೀಟಿ, ಎರಡು ಫೋಟೊ ಇಟ್ಟುಕೊಳ್ಳಿ. ಕೌಂಟರಿನಲ್ಲಿ ‘ಬಹಮನಿ ಕಲೆಯ ಪುಸ್ತಕ ಬೇಕು’ ಎಂದರೆ ‘ಇಲ್ಲ’ ಎಂಬ ಉತ್ತರ ಸಿಗುತ್ತದೆ. ಸರಣಿಯ ಹೆಸರು, ಸಂಖ್ಯೆ, ವರ್ಷ, ಪುಟ, ಸಿಕ್ಕಿದ್ದರೆ ಕಾಲ್ ನಂಬರ್, ಇಷ್ಟನ್ನು ಒಂದೊಂದು ಚೀಟಿಯಲ್ಲಿ ಒಂದೊಂದು ಪುಸ್ತಕದಂತೆ ಬರೆದು ಕೊಡಿ. ಕಾಗುಣಿತದ ಎರಡು ರೂಪ ಇದ್ದರೆ ಎರಡನ್ನೂ ಅದೇ ಚೀಟಿಯಲ್ಲಿ ಬರೆಯಿರಿ.